ಮನೆಯ ತಂಪು, ಮನೆಯ ಬಿಸಿ

ಬಿತ್ತುವ ಮೊದಲು ಮಣ್ಣಿನ ಹದ ನೋಡುವ ರೈತರು ಮನೆ ಕಟ್ಟಿಸುವಾಗ ಮಾತ್ರ ಬಿಸಿಲು ಗಾಳಿಗಳ ಹದ ನೋಡುವುದನ್ನು ಈಚೆಗೆ ಬಿಟ್ಟಿದ್ದಾರೆ. ಹಳೆಯ ಮಾಳಿಗೆ ಮನೆಯನ್ನು ಕೆಡವಿ ಆರ್.ಸಿ.ಸಿ. ಮನೆ ಕಟ್ಟುತ್ತಾರೆ. ಅಷ್ಟು ಶಕ್ತಿ ಇಲ್ಲದವರು ತಗಡು ಹೊದಿಸುತ್ತಾರೆ. ಮೊದಲನೆಯ ಬೇಸಗೆಯಲ್ಲಿಯೇ ರಾತ್ರಿ ಒಳಗೆ ಮಲಗಲಾಗದೆ ಹಾಸಿಗೆ ಅಂಗಳಕ್ಕೆ ಬರುತ್ತದೆ. ಆಮೇಲೆ ಕೂಲರ್ ಬರುತ್ತದೆ, ಅದೂ ಸಾಲದಾದಾಗ ಎ.ಸಿ.ಯ ಮಾತು ಬರುತ್ತದೆ. ಹಣ ಕೊಟ್ಟು ತಂದ ಯಂತ್ರ ಒಬ್ಬರ ಮನೆಯಲ್ಲಿ ಸೊಗಸಾಗಿ ಕೆಲಸ ಮಾಡುತ್ತದೆ, ಇನ್ನೊಬ್ಬರ ಮನೆಯಲ್ಲಿ ಬರೀ ಸದ್ದು ಮಾಡುತ್ತದೆ. ಇದಕ್ಕೆ ಕಾರಣ ಯಂತ್ರದಲ್ಲಿ ಇರುವುದು ಕಡಿಮೆ. ಮನೆಯ ಚಾವಣಿಯಲ್ಲಿ ಮತ್ತು ಆ ಊರಿನ ಗಾಳಿಯಲ್ಲಿ ಇರುವುದೇ ಹೆಚ್ಚು.

ಇದು ಸುಖದ ಮಾತಷ್ಟೇ ಅಲ್ಲ. ಏಪ್ರಿಲ್–ಮೇ ತಿಂಗಳುಗಳಲ್ಲಿ ಕಲಬುರಗಿ, ರಾಯಚೂರು, ಯಾದಗಿರಿ, ವಿಜಯಪುರ ಜಿಲ್ಲೆಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಂಟಿಗ್ರೇಡ್ ದಾಟುವುದು ಸಾಮಾನ್ಯ. ಹಗಲೆಲ್ಲಾ ಹೊಲದಲ್ಲಿ ಬೆಂದ ದೇಹಕ್ಕೆ ರಾತ್ರಿಯಾದರೂ ತಂಪು ಸಿಗಬೇಕು. ಸಿಗದಿದ್ದರೆ ಮರುದಿನದ ಬಿಸಿಲು ದೇಹಕ್ಕೆ ಎರಡರಷ್ಟು ಭಾರ. ವಯಸ್ಸಾದವರು, ಹಸುಗೂಸುಗಳು, ಗರ್ಭಿಣಿಯರು ಮೊದಲು ಕುಸಿಯುತ್ತಾರೆ.

ಶಾಖ ಹೇಗೆ ಬರುತ್ತದೆ?

ಶಾಖ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವುದು ಮೂರು ದಾರಿಗಳಲ್ಲಿ. ಕುದಿಯುವ ಸಾರಿನಲ್ಲಿಟ್ಟ ಸೌಟಿನ ಹಿಡಿ ಬಿಸಿಯಾಗುತ್ತದಲ್ಲವೆ? ಇದು ವಹನ. ಹಂಡೆಯ ತಳದ ನೀರು ಕಾದು ಹಗುರಾಗಿ ಮೇಲೇರುತ್ತದೆ, ಮೇಲಿನ ತಣ್ಣೀರು ಕೆಳಗಿಳಿಯುತ್ತದೆ. ಇದು ಸಂವಹನ. ಗಾಳಿಯೂ ಹೀಗೆಯೇ ಕಾದು ಮೇಲೇರುತ್ತದೆ. ಇನ್ನು ಒಲೆಯ ಮುಂದೆ ಕೂತವರ ಮುಖ ಕಾಯುತ್ತದೆ, ಬೆನ್ನು ತಣ್ಣಗಿರುತ್ತದೆ. ನಡುವಿನ ಗಾಳಿಯನ್ನು ಅಷ್ಟಾಗಿ ಕಾಯಿಸದೆ ನೇರವಾಗಿ ಬಂದು ತಾಗುವ ಈ ಶಾಖವೇ ವಿಕಿರಣ. ಸೂರ್ಯನ ಶಾಖ ನಮಗೆ ಬರುವುದು ಈ ಮೂರನೆಯ ದಾರಿಯಲ್ಲಿ.

ಶಾಖ ಯಾವಾಗಲೂ ಬಿಸಿ ಇರುವ ಕಡೆಯಿಂದ ತಂಪು ಇರುವ ಕಡೆಗೆ ಹೋಗುತ್ತದೆ. ಕಾಲುವೆಯ ನೀರು ಇಳಿಜಾರಿಗೆ ಹರಿದಂತೆ. ಈ ಮಾತನ್ನು ನೆನಪಿಡಿ, ಎ.ಸಿ. ಯಂತ್ರದ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಚಾವಣಿಯೇ ದೊಡ್ಡ ಒಲೆ

ಬೇಸಗೆಯ ಮಧ್ಯಾಹ್ನ ಒಂದು ಚದರ ಮೀಟರ್ ಚಾವಣಿಯ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 900ರಿಂದ 1000 ವ್ಯಾಟ್. ವಿದ್ಯುತ್ ಒಲೆಯ ಒಂದು ಸುರುಳಿಯ ಶಕ್ತಿಯೂ ಹೆಚ್ಚು ಕಡಿಮೆ ಇಷ್ಟೇ. 10 ಅಡಿ ಅಗಲ, 12 ಅಡಿ ಉದ್ದದ ಒಂದು ಕೋಣೆಯ ಚಾವಣಿ ಸುಮಾರು 11 ಚದರ ಮೀಟರ್. ಅಂದರೆ ಆ ಕೋಣೆಯ ನೆತ್ತಿಯ ಮೇಲೆ ಹತ್ತು ಹನ್ನೊಂದು ಒಲೆಗಳನ್ನು ಹೊತ್ತಿಸಿಟ್ಟಂತೆ.

ಗೋಡೆಗಳ ಮೇಲೆ ಇಷ್ಟು ಬಿಸಿಲು ಬೀಳುವುದಿಲ್ಲ. ನಮ್ಮ ರಾಜ್ಯದ ಅಕ್ಷಾಂಶವೇ ಇದಕ್ಕೆ ಕಾರಣ. ಏಪ್ರಿಲ್ ಕೊನೆಯ ವಾರದಲ್ಲಿ ಬೆಂಗಳೂರಿನಲ್ಲಿಯೂ, ಮೇ ಎರಡನೆಯ ವಾರದ ಹೊತ್ತಿಗೆ ಕಲಬುರಗಿಯಲ್ಲಿಯೂ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೆಟ್ಟ ಗೂಟಕ್ಕೆ ಆಗ ನೆರಳೇ ಇರುವುದಿಲ್ಲ. ದಕ್ಷಿಣದ ಗೋಡೆಗೆ ಬೇಸಗೆಯಲ್ಲಿ ಬಿಸಿಲು ತಾಗುವುದೇ ಕಡಿಮೆ. ಪೂರ್ವ ಮತ್ತು ಪಶ್ಚಿಮದ ಗೋಡೆಗಳಿಗೆ ಮಾತ್ರ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಬಡಿಯುತ್ತದೆ. ಅದರಲ್ಲೂ ಪಶ್ಚಿಮದ್ದು ಕೆಟ್ಟದ್ದು. ಗಾಳಿ ಆಗಲೇ ಕಾದಿರುವ ಹೊತ್ತಿನಲ್ಲಿ ಅದು ಬರುತ್ತದೆ. ಆದುದರಿಂದ ಮನೆ ತಂಪು ಮಾಡುವ ಕೆಲಸ ಚಾವಣಿಯಿಂದ ಆರಂಭವಾಗಬೇಕು, ಅಲ್ಲಿಂದ ಪಶ್ಚಿಮದ ಗೋಡೆಗೆ ಬರಬೇಕು. ಆ ಗೋಡೆಯಿಂದ ಸ್ವಲ್ಪ ದೂರದಲ್ಲಿ ಒಂದು ಬೇವು ಅಥವಾ ಹೊಂಗೆ ನೆಟ್ಟರೆ ಸಾಕು, ಅದರ ವಿಷಯ ಹೆಚ್ಚು ಬರೆಯಬೇಕಾಗಿಲ್ಲ.

ಬಯಲುಸೀಮೆಯ ಹಿರಿಯರು ಈ ಲೆಕ್ಕವನ್ನು ಚೆನ್ನಾಗಿ ತಿಳಿದಿದ್ದರು. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಮತ್ತು ಸೊಪ್ಪಿನ ಹಾಸು, ಅದರ ಮೇಲೆ ಅಡಿಯಷ್ಟು ದಪ್ಪ ಮಣ್ಣು. ಇದು ಮಾಳಿಗೆ. ಮಣ್ಣಿನ ಇಂಥ ದಪ್ಪ ಹೊದಿಕೆಯನ್ನು ದಾಟಿ ಶಾಖ ಕೆಳಗಿಳಿಯಲು ಒಂಬತ್ತು ಹತ್ತು ಗಂಟೆ ಬೇಕು. ಮಧ್ಯಾಹ್ನದ ಬಿಸಿಲು ಒಳಗೆ ಮುಟ್ಟುವಷ್ಟರಲ್ಲಿ ನಡುರಾತ್ರಿ ಸಮೀಪಿಸಿರುತ್ತದೆ. ದಾರಿಯಲ್ಲಿಯೇ ಅದರ ಬಲವೂ ಕುಗ್ಗಿರುತ್ತದೆ, ಹೊರಗಿನ ಗಾಳಿಯೂ ತಣ್ಣಗಾಗಿರುತ್ತದೆ. ನಾಲ್ಕು ಅಂಗುಲದ ಸಿಮೆಂಟ್ ಚಾವಣಿಯಾದರೋ ಮೂರು ಗಂಟೆಯಲ್ಲಿ ಶಾಖವನ್ನು ಕೆಳಕ್ಕೆ ಬಿಡುತ್ತದೆ. ಸಂಜೆ ಮನೆಗೆ ಬಂದು ಕುಳಿತಾಗ ಅದು ಚೆನ್ನಾಗಿ ಕಾದ ಹೆಂಚಿನಂತೆ ತಲೆಯ ಮೇಲಿರುತ್ತದೆ. ಅದರ ಕೆಳಗೆ ತಿರುಗುವ ಫ್ಯಾನು ಆ ಹೆಂಚಿಗೆ ತಾಗಿ ಕಾದ ಗಾಳಿಯನ್ನೇ ನಮ್ಮ ಮೇಲೆ ತಳ್ಳುತ್ತದೆ.

ಮಾಳಿಗೆಯ ಮೇಲೆ ಕೆಲವು ಕಡೆ ಸವಳು ಮಣ್ಣನ್ನು ಹುಡುಕಿ ತಂದು ಹಾಕುವ ರೂಢಿ ಇತ್ತು. ಹೊಲದಲ್ಲಿ ಯಾರಿಗೂ ಬೇಡವಾದ ಈ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ಬಿದ್ದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯುವುದಿಲ್ಲ. ಬೆಳೆಗೆ ಶಾಪವಾದ ಗುಣ ಚಾವಣಿಗೆ ವರವಾಯಿತು.

ಕರಾವಳಿಯವರ ಜಾಣತನ ಬೇರೆ ಬಗೆಯದು. ಅಲ್ಲಿ ಹಗಲಿಗೂ ರಾತ್ರಿಗೂ ಉಷ್ಣಾಂಶದ ಅಂತರ ಕಡಿಮೆ. ದಪ್ಪ ಮಣ್ಣು ಶಾಖವನ್ನು ಹಿಡಿದಿಟ್ಟರೆ ಅದನ್ನು ಬಿಡಲು ತಂಪಾದ ರಾತ್ರಿಯೇ ಇಲ್ಲ. ಮಳೆಯಂತೂ ಮಣ್ಣಿನ ಚಾವಣಿಯನ್ನು ಉಳಿಸುವುದಿಲ್ಲ. ಅಲ್ಲಿಗೆ ಬೇಕಾದುದು ಎತ್ತರವಾದ, ಇಳಿಜಾರಾದ, ಸಂದುಗಳಿಂದ ಬಿಸಿಗಾಳಿ ಹೊರಹೋಗುವ, ಸೂರ್ಯ ಮುಳುಗಿದೊಡನೆ ತಣ್ಣಗಾಗುವ ಹಗುರ ಚಾವಣಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಎಲ್ಲೆಡೆ ಹರಡಿತು. ಅದು ಕರಾವಳಿಯ ಗಾಳಿಗೆ ಹೇಳಿ ಮಾಡಿಸಿದ ಹೊದಿಕೆ. ಬಯಲುಸೀಮೆಯಲ್ಲಿ ಅದೇ ಹಂಚು ಮಧ್ಯಾಹ್ನ ಸುಡುತ್ತದೆ.

ಕಟ್ಟಿಯಾದ ಮನೆಗೆ ಏನು ಮಾಡಬೇಕು?

ಸಿಮೆಂಟ್ ಚಾವಣಿಯನ್ನು ಕಿತ್ತು ಮಾಳಿಗೆ ಹಾಕಿ ಎಂದು ಯಾರೂ ಹೇಳುವುದಿಲ್ಲ. ಅತಿ ಕಡಿಮೆ ಖರ್ಚಿನ ಉಪಾಯವೆಂದರೆ ಸುಣ್ಣ. ಹಳೆಯ, ಪಾಚಿ ಹಿಡಿದು ಕಪ್ಪಾದ ಸಿಮೆಂಟ್ ತನ್ನ ಮೇಲೆ ಬಿದ್ದ ಬಿಸಿಲಿನ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತದೆ. ಹೊಸದಾಗಿ ಸುಣ್ಣ ಬಳಿದ ಚಾವಣಿ ಹೆಚ್ಚಿನ ಪಾಲನ್ನು ಆಕಾಶಕ್ಕೆ ಹಿಂದಿರುಗಿಸುತ್ತದೆ. ಕೋಣೆಯ ಉಷ್ಣಾಂಶ ಇದರಿಂದ 2ರಿಂದ 4 ಡಿಗ್ರಿ ಇಳಿಯಬಲ್ಲುದು. ಚಾವಣಿಯ ಒಳಮೈ ಇನ್ನೂ ಹೆಚ್ಚು ತಂಪಾಗುವುದರಿಂದ ದೇಹಕ್ಕೆ ಆಗುವ ಹಿತ ಉಷ್ಣಮಾಪಕ ತೋರಿಸುವುದಕ್ಕಿಂತ ದೊಡ್ಡದು. ನೆರೆಯ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿಯನ್ನು ಹೊರಡಿಸಿದ್ದು ಈ ಕಾರಣಕ್ಕಾಗಿಯೇ.

ಫೆಬ್ರವರಿ ಕೊನೆಯಲ್ಲಿ ಚಾವಣಿಯನ್ನು ಗುಡಿಸಿ, ಪಾಚಿಯನ್ನು ಉಜ್ಜಿ ತೊಳೆದು ಒಣಗಲು ಬಿಡಿ. ಸುಣ್ಣದ ಕಲ್ಲನ್ನು ಹಿಂದಿನ ದಿನವೇ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಹಾಲಿನ ಹದಕ್ಕೆ ಕಲಸಿ. ಕೈಗೆ ಅಂಟದಂತೆ ನಿಲ್ಲಲು ಅಂಟನ್ನೋ ತಿಳಿಯಾದ ಅಕ್ಕಿ ಗಂಜಿಯನ್ನೋ ಬೆರೆಸಿ ಎರಡು ಅಥವಾ ಮೂರು ಸಲ ಬಳಿಯಿರಿ. ಒಂದು ಸಲದ್ದು ಒಣಗಿದ ನಂತರವೇ ಇನ್ನೊಂದು. ಕಲ್ಲು ಅರಳುವಾಗ ನೀರು ಕುದಿದು ಸಿಡಿಯುತ್ತದೆ. ಮಕ್ಕಳನ್ನು ದೂರವಿಡಿ, ಕಣ್ಣಿಗೆ ಬಿದ್ದರೆ ತಡಮಾಡದೆ ಧಾರಾಳ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಿರಿ. ಮಳೆಗೆ ಸುಣ್ಣ ತೊಳೆದುಹೋದರೂ ನಷ್ಟವಿಲ್ಲ, ಆಗ ಅದರ ಅಗತ್ಯವೂ ಇರುವುದಿಲ್ಲ. ಪ್ರತಿ ವರ್ಷ ಬಳಿಯುವ ಶ್ರಮ ಬೇಡವೆನ್ನುವವರು ಚಾವಣಿಗೆಂದೇ ಬರುವ ಬಿಳಿ ಬಣ್ಣ ಹಚ್ಚಬಹುದು. ಅದರ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು.

ಇದಕ್ಕಿಂತ ಒಳ್ಳೆಯದು ನೆರಳು. ಚಾವಣಿಯ ಮೇಲೆ ನಾಲ್ಕೈದು ಅಡಿ ಎತ್ತರಕ್ಕೆ ಚಪ್ಪರ ಹಾಕಿ ಹೀರೆ, ಕುಂಬಳ, ತೊಂಡೆ ಹಬ್ಬಿಸಿದರೆ ಬಿಸಿಲು ಸಿಮೆಂಟಿಗೆ ತಾಗುವುದೇ ಇಲ್ಲ. ಆದರೆ ಒಂದು ಎಚ್ಚರಿಕೆ. ಮಾಳಿಗೆಯ ಮಣ್ಣಿನ ಗುಣ ಕೇಳಿದ ಕೆಲವರು ಆರ್.ಸಿ.ಸಿ. ಚಾವಣಿಯ ಮೇಲೆ ಆರು ಅಂಗುಲ ಮಣ್ಣು ಹರಡಿ ಹುಲ್ಲೋ ತರಕಾರಿಯೋ ಬೆಳೆಯಲು ಹೊರಡುತ್ತಾರೆ. ಆರು ಅಂಗುಲ ಹಸಿ ಮಣ್ಣಿನ ತೂಕ ಚದರ ಮೀಟರಿಗೆ 250 ಕಿಲೋಗೂ ಹೆಚ್ಚು. ಜನ ಓಡಾಡುವ ಮನೆಯ ಚಾವಣಿಯನ್ನು ಸಾಮಾನ್ಯವಾಗಿ ಲೆಕ್ಕ ಹಾಕಿರುವುದು ಚದರ ಮೀಟರಿಗೆ ಸುಮಾರು 150 ಕಿಲೋ ಹೊರೆಗೆ. ಎಂಜಿನಿಯರರನ್ನು ಕೇಳದೆ ಈ ಕೆಲಸ ಕೂಡದು. ಕುಂಡಗಳನ್ನಿಡುವುದಾದರೂ ಗೋಡೆಗಳ ನೇರಕ್ಕೆ ಇಡಿ.

ತಗಡಿನ ಮನೆಯಲ್ಲಿ ಇರುವವರ ಕಷ್ಟ ಎಲ್ಲರಿಗಿಂತ ಹೆಚ್ಚು. ತಗಡಿಗೆ ಶಾಖವನ್ನು ತಡೆಯುವ ದಪ್ಪವೇ ಇಲ್ಲ, ಕಾದ ಐದೇ ನಿಮಿಷದಲ್ಲಿ ಕೆಳಗೆ ಕುಳಿತವರ ತಲೆಗೆ ವಿಕಿರಣ ತಾಗುತ್ತದೆ. ಮೇಲೆ ಬಿಳಿ ಬಣ್ಣ ಹಚ್ಚಿ, ಕೆಳಗೆ ಅರ್ಧ ಅಡಿ ಸಂದು ಬಿಟ್ಟು ಬಿದಿರಿನ ತಟ್ಟಿ ಅಥವಾ ಚಾಪೆ ಕಟ್ಟಬೇಕು. ಆ ಸಂದಿನ ಎರಡೂ ತುದಿ ತೆರೆದಿರಬೇಕು. ಮುಚ್ಚಿದರೆ ಬಿಸಿಗಾಳಿ ಅಲ್ಲಿಯೇ ನಿಂತು ತಟ್ಟಿಯೂ ಕಾಯುತ್ತದೆ. ಒಲೆಯ ಮೇಲ್ಭಾಗದಲ್ಲಿ ಮಾತ್ರ ತಟ್ಟಿ ಬೇಡ. ದನದ ಕೊಟ್ಟಿಗೆಗೂ ಇದೇ ಕ್ರಮ. ಮಿಶ್ರತಳಿ ಹಸುಗಳಿಗೆ ನಮಗಿಂತ ಬೇಗ ಸೆಕೆ ತಾಗುತ್ತದೆ, ಮೇವು ತಿನ್ನುವುದನ್ನು ಕಡಿಮೆ ಮಾಡುತ್ತವೆ, ಹಾಲು ಇಳಿಯುತ್ತದೆ. ಮನೆಗೆ ಸುಣ್ಣ ಬಳಿಯುವ ದಿನ ಕೊಟ್ಟಿಗೆಯ ಚಾವಣಿಗೂ ಎರಡು ಬಕೆಟ್ ಸುಣ್ಣ ಹೆಚ್ಚು ಕಲಸಿಕೊಳ್ಳಿ.

ಕಿಟಕಿಯನ್ನು ಯಾವಾಗ ತೆರೆಯಬೇಕೆಂಬುದರಲ್ಲಿಯೂ ಊರಿಗೊಂದು ನ್ಯಾಯ. ಒಣ ಒಳನಾಡಿನಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿ. ಆಗ ಕಿಟಕಿ ಮುಚ್ಚಿ, ಸಂಜೆ ಹೊರಗೆ ತಂಪಾದ ಮೇಲೆ ಎಲ್ಲವನ್ನೂ ತೆರೆದು ರಾತ್ರಿಯೆಲ್ಲಾ ಗಾಳಿಯಾಡಿಸಬೇಕು. ಕರಾವಳಿಯಲ್ಲಿ ಹಗಲೂ ತೆರೆದಿರಬೇಕು, ಏಕೆಂದರೆ ಅಲ್ಲಿ ಬೆವರು ಆರಿಸುವ ಗಾಳಿಯೇ ಔಷಧ. ಚಾವಣಿಯಲ್ಲಿ ಅಥವಾ ಗೋಡೆಯ ನೆತ್ತಿಯಲ್ಲಿ ಒಂದು ಗವಾಕ್ಷಿ ಇದ್ದರೆ ಮೇಲೇರಿದ ಬಿಸಿಗಾಳಿ ತಾನಾಗಿ ಹೊರಹೋಗುತ್ತದೆ.

ಗಡಿಗೆ ಮತ್ತು ಕೂಲರ್

ಮಣ್ಣಿನ ಗಡಿಗೆಯ ನೀರು ಏಕೆ ತಂಪು? ಗಡಿಗೆಯ ಸಣ್ಣ ರಂಧ್ರಗಳಿಂದ ಒಸರಿದ ನೀರು ಹೊರಮೈಯಲ್ಲಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ಗಡಿಗೆಯಿಂದಲೇ ಕಿತ್ತುಕೊಳ್ಳುತ್ತದೆ. ಈ ಶಾಖ ಅಲ್ಪಸ್ವಲ್ಪವಲ್ಲ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಒಯ್ಯುವ ಶಾಖದಿಂದ ಸುಮಾರು ಎಂಟು ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಬಹುದು. ನಮ್ಮ ಬೆವರು ಮಾಡುವ ಕೆಲಸವೂ ಇದೇ. ಹೊಸ ಗಡಿಗೆ ಹೆಚ್ಚು ತಂಪು, ಉಪ್ಪು ಕಟ್ಟಿ ರಂಧ್ರ ಮುಚ್ಚಿದ ಹಳೆಯದು ಕಡಿಮೆ ತಂಪು ಎಂಬುದನ್ನು ಗೃಹಿಣಿಯರು ಬಲ್ಲರು.

ಕೂಲರ್ ಎಂಬುದು ಫ್ಯಾನು ಕಟ್ಟಿದ ಗಡಿಗೆ, ಅಷ್ಟೇ. ಮೂರು ಕಡೆ ಹುಲ್ಲಿನಂಥ ಮರದ ಎಳೆಗಳ ಅಥವಾ ಜೇನುಗೂಡಿನಂಥ ಕಾಗದದ ಪದರ, ಅದರ ಮೇಲೆ ಸಣ್ಣ ಪಂಪು ಸುರಿಯುವ ನೀರು. ಹೊರಗಿನ ಒಣಗಾಳಿ ಈ ಒದ್ದೆ ಪದರದ ಮೂಲಕ ನುಗ್ಗಿ ತಂಪಾಗಿ ಒಳಗೆ ಬರುತ್ತದೆ. ಹಿಂದೆ ಲಾವಂಚದ ಬೇರಿನ ತಟ್ಟಿಯನ್ನು ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದುದೂ ಇದೇ ತತ್ವದ ಮೇಲೆ.

ಇಲ್ಲಿಯೇ ಬಹಳ ಜನ ಮೋಸಹೋಗುವುದು. ಗಾಳಿ ಎಷ್ಟು ಒಣಗಿದೆಯೋ ಅಷ್ಟೇ ನೀರನ್ನು ಅದು ಕುಡಿಯಬಲ್ಲುದು. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಗಾಳಿ 40 ಡಿಗ್ರಿ, ತೇವಾಂಶ ಶೇಕಡಾ 20 ಇದೆಯೆನ್ನಿ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಆಗ 22–23 ಡಿಗ್ರಿ ತೋರಿಸುತ್ತದೆ. ಒಳ್ಳೆಯ ಕೂಲರ್ ಗಾಳಿಯನ್ನು 26–27 ಡಿಗ್ರಿಗೆ ಇಳಿಸುತ್ತದೆ. ಮಂಗಳೂರಿನಲ್ಲಿ ಗಾಳಿ 34 ಡಿಗ್ರಿ, ತೇವಾಂಶ ಶೇಕಡಾ 70 ಇದ್ದರೆ ಒದ್ದೆ ಬಟ್ಟೆಯ ಉಷ್ಣಮಾಪಕವೇ 29 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಕೂಲರ್ ಕೊಡುವುದು 30 ಡಿಗ್ರಿಯ ಗಾಳಿ, ಅದೂ ನೀರಿನಿಂದ ತುಂಬಿದ್ದು. ಬೆವರು ಆರದೆ ಮೈ ಅಂಟಂಟಾಗುತ್ತದೆ. ಅದೇ ಕೂಲರ್, ಅದೇ ಬೆಲೆ, ಆದರೆ ಒಂದು ಊರಿಗೆ ವರ, ಇನ್ನೊಂದು ಊರಿಗೆ ದಂಡ.

ಕೊಳ್ಳುವ ಮೊದಲು ನಿಮ್ಮ ಮನೆಯಲ್ಲಿಯೇ ಪರೀಕ್ಷೆ ಮಾಡಿ ನೋಡಬಹುದು. ಗೋಡೆಗೆ ತೂಗುಹಾಕುವ ಬಗೆಯ ಎರಡು ಸಾಧಾರಣ ಉಷ್ಣಮಾಪಕಗಳನ್ನು ತನ್ನಿ, ಜ್ವರ ನೋಡುವ ಕಡ್ಡಿ ಇದಕ್ಕೆ ಆಗದು. ಒಂದರ ಬುಡಕ್ಕೆ ತೆಳುವಾದ ಹತ್ತಿ ಬಟ್ಟೆ ಸುತ್ತಿ ನೀರಿನಲ್ಲಿ ತೋಯಿಸಿ. ಎರಡನ್ನೂ ನೆರಳಿನಲ್ಲಿಟ್ಟು, ಮಧ್ಯಾಹ್ನ ಎರಡು ಮೂರು ಗಂಟೆಯ ಹೊತ್ತಿಗೆ ಐದು ನಿಮಿಷ ಬೀಸಣಿಗೆಯಿಂದ ಬೀಸಿ. ಎರಡರ ನಡುವಿನ ಅಂತರದ ಮುಕ್ಕಾಲು ಪಾಲಿನಷ್ಟು ತಂಪನ್ನು ಕೂಲರ್ ಕೊಡುತ್ತದೆ ಎಂದು ತಿಳಿಯಿರಿ. ಅಂತರ 10 ಡಿಗ್ರಿ ದಾಟಿದರೆ ಕೂಲರ್ ಲಾಭ. 5 ಡಿಗ್ರಿಗಿಂತ ಕಡಿಮೆ ಇದ್ದರೆ ಹಣ ಉಳಿಸಿ, ಫ್ಯಾನೇ ಸಾಕು. ಕಲಬುರಗಿಯಲ್ಲಿ ಕೂಡ ಜೂನ್ ಮಳೆ ಬಿದ್ದ ಮೇಲೆ ಈ ಅಂತರ ಕುಗ್ಗಿ ಕೂಲರ್ ಸಪ್ಪೆಯಾಗುವುದನ್ನು ಕಾಣಬಹುದು.

ಕೂಲರನ್ನು ಕೋಣೆಯೊಳಗೆ ಇಟ್ಟು ಬಾಗಿಲು ಕಿಟಕಿ ಮುಚ್ಚುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಒಂದು ಗಂಟೆಯಲ್ಲಿ ಒಳಗಿನ ಗಾಳಿ ತೇವದಿಂದ ತುಂಬಿ, ಒಳನಾಡಿನ ಮನೆಯೊಳಗೆ ನಾವೇ ಕರಾವಳಿಯನ್ನು ತಂದುಕೊಂಡಂತಾಗುತ್ತದೆ. ಕೂಲರ್ ಕಿಟಕಿಯ ಹೊರಗಿದ್ದು ಹೊರಗಿನ ಒಣಗಾಳಿಯನ್ನೇ ಎಳೆಯಬೇಕು. ಎದುರಿನ ಕಿಟಕಿ ತೆರೆದಿರಬೇಕು.

ನೀರಿನ ಲೆಕ್ಕವೂ ಇದೆ. ಕಡು ಬೇಸಗೆಯಲ್ಲಿ ಮನೆಬಳಕೆಯ ಕೂಲರ್ ಗಂಟೆಗೆ 5ರಿಂದ 10 ಲೀಟರ್ ನೀರನ್ನು ಆವಿ ಮಾಡುತ್ತದೆ. ಹತ್ತು ಗಂಟೆ ನಡೆದರೆ 50ರಿಂದ 100 ಲೀಟರ್, ಅಂದರೆ ಒಂದು ಹಸು ದಿನಕ್ಕೆ ಕುಡಿಯುವಷ್ಟು. ಟ್ಯಾಂಕರಿನಿಂದ ಕೊಡ ಹಿಡಿಯುವ ಊರಿನಲ್ಲಿ ಮೊದಲು ಸುಣ್ಣ ಬಳಿಯುವುದೇ ವಿವೇಕ. ಕೊಳವೆಬಾವಿಯ ಗಡಸು ನೀರಾದರೆ ನೀರು ಆರುತ್ತದೆ, ಉಪ್ಪು ಪದರದಲ್ಲಿ ಉಳಿಯುತ್ತದೆ. ಬಸಿಗಾಲುವೆ ಇಲ್ಲದ ಜಮೀನು ಸವಳಾಗುವ ಬಗೆಯೂ ಇದೇ ಅಲ್ಲವೆ? ಆದುದರಿಂದ ವಾರಕ್ಕೊಮ್ಮೆ ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ, ಉಜ್ಜಿ, ಹೊಸ ನೀರು ತುಂಬಿ. ಡೆಂಗ್ಯೂ ತರುವ ಸೊಳ್ಳೆ ಮರಿ ಮಾಡುವುದೂ ಇಂಥ ನಿಂತ ನೀರಿನಲ್ಲಿಯೇ.

ನೀರು ಮತ್ತು ವಿದ್ಯುತ್ತು ಒಂದೇ ತಗಡಿನ ಪೆಟ್ಟಿಗೆಯಲ್ಲಿರುವುದರಿಂದ ಪ್ರತಿ ಬೇಸಗೆಯಲ್ಲೂ ಆಘಾತದಿಂದ ಸಾವುಗಳು ಸಂಭವಿಸುತ್ತವೆ. ಮೂರು ಕಡ್ಡಿಯ ಪ್ಲಗ್ ಇದ್ದರಷ್ಟೇ ಸಾಲದು, ಮನೆಗೆ ನಿಜವಾದ ಅರ್ಥಿಂಗ್ ಇದೆಯೇ ಎಂದು ವೈರ್‌ಮನ್ ಕೈಯಲ್ಲಿ ಪರೀಕ್ಷೆ ಮಾಡಿಸಿ. ನೀರು ತುಂಬುವ ಮೊದಲು ಪ್ಲಗ್ಗನ್ನೇ ಕೀಳತಕ್ಕದ್ದು. ಬರಿಗಾಲಿನಲ್ಲಿ, ಒದ್ದೆ ಕೈಯಲ್ಲಿ ಮುಟ್ಟಕೂಡದು.

ಬರೀ ಫ್ಯಾನಿನ ಬಗ್ಗೆ ಒಂದು ಮಾತು. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಬೇಗ ಆರಿಸುತ್ತದೆ. ಕೋಣೆಯ ಗಾಳಿ 40 ಡಿಗ್ರಿ ದಾಟಿ, ಮೈಯಲ್ಲಿ ಬೆವರು ಸಾಲದಾದಾಗ ಅದು ಬಿಸಿಗಾಳಿಯಿಂದ ದೇಹವನ್ನು ಇನ್ನಷ್ಟು ಕಾಯಿಸುತ್ತದೆ. ಅಂಥ ಹೊತ್ತಿನಲ್ಲಿ ಅಜ್ಜ ಅಜ್ಜಿಯರ ಮೈಗೆ ಒದ್ದೆ ಬಟ್ಟೆ ಹೊದಿಸಿ ಫ್ಯಾನು ಹಾಕಿ, ಆಗಾಗ ನೀರು ಕುಡಿಸಿ. ಮಾತು ತಡವರಿಸಿ, ಮೈ ಸುಡುತ್ತಿದ್ದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ತಂದು ಮೈಮೇಲೆ ನೀರು ಸುರಿಯುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ಎ.ಸಿ. ಯಂತ್ರ: ಶಾಖದ ಪಂಪ್‌ಸೆಟ್

ನೀರು ತಾನಾಗಿ ಮೇಲಕ್ಕೆ ಹರಿಯುವುದಿಲ್ಲ, ಬಾವಿಯಿಂದ ಎತ್ತಲು ಪಂಪ್‌ಸೆಟ್ ಬೇಕು. ಹಾಗೆಯೇ ತಂಪಾದ ಕೋಣೆಯಿಂದ ಬಿಸಿಯಾದ ಹೊರಗಾಳಿಗೆ ಶಾಖವನ್ನು ಎತ್ತಿ ಹಾಕಲು ಯಂತ್ರ ಬೇಕು. ಎ.ಸಿ. ಅಂಥ ಪಂಪು. ಅದರ ಕೊಳವೆಗಳಲ್ಲಿ ಬಹಳ ಕಡಿಮೆ ಉಷ್ಣಾಂಶದಲ್ಲಿಯೇ ಕುದಿಯುವ ಒಂದು ದ್ರವ ಸುತ್ತುತ್ತಿರುತ್ತದೆ. ಕೋಣೆಯೊಳಗಿನ ಸುರುಳಿಯಲ್ಲಿ ಅದು ಆವಿಯಾಗುತ್ತಾ ಕೋಣೆಯ ಶಾಖವನ್ನು ಹೀರುತ್ತದೆ, ಗಡಿಗೆಯ ಮೈಮೇಲಿನ ನೀರಿನಂತೆ. ಗಡಿಗೆಯ ಆವಿ ಗಾಳಿಪಾಲಾಗುತ್ತದೆ. ಇಲ್ಲಿಯದನ್ನು ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರ್ ಹಿಡಿದು ಒತ್ತುತ್ತದೆ. ಒತ್ತಿದ ಆವಿ ಹೊರಗಾಳಿಗಿಂತ ಬಿಸಿಯಾಗಿ, ಹೊರಗಿನ ಸುರುಳಿಯಲ್ಲಿ ಶಾಖವನ್ನು ಬಿಟ್ಟು ಮತ್ತೆ ದ್ರವವಾಗುತ್ತದೆ. ಸಣ್ಣ ಕಂಡಿಯಿಂದ ಒಳಗೆ ನುಗ್ಗಿದೊಡನೆ ಒತ್ತಡ ಬಿದ್ದು ತಣ್ಣಗಾಗುತ್ತದೆ. ಹೊರಗಿನ ಪೆಟ್ಟಿಗೆ ಬಿಸಿಗಾಳಿ ಊದುವುದು ಇದರಿಂದ. ಅದು ಕೋಣೆಯಿಂದ ಎತ್ತಿದ ಶಾಖ. ಚಳಿಯ ದೇಶಗಳಲ್ಲಿ ಇದೇ ಯಂತ್ರವನ್ನು ತಿರುಗುಮುರುಗಾಗಿ ನಡೆಸಿ ಹೊರಗಿನ ಶಾಖವನ್ನು ಮನೆಯೊಳಕ್ಕೆ ಎತ್ತುತ್ತಾರೆ.

ತಣ್ಣನೆಯ ಸುರುಳಿಯ ಮೇಲೆ ಗಾಳಿಯ ತೇವವೂ ಹನಿಗಟ್ಟುತ್ತದೆ. ಎ.ಸಿ.ಯಿಂದ ನೀರು ತೊಟ್ಟಿಕ್ಕುವುದು ಅದೇ. ಅಮೆರಿಕದ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಈ ವಿಧಾನವನ್ನು ರೂಪಿಸಿದ್ದು ಜನರ ಸೆಕೆ ಕಳೆಯಲು ಅಲ್ಲ. ಮುದ್ರಣಾಲಯವೊಂದರ ಗಾಳಿಯ ತೇವ ತೆಗೆದು ಕಾಗದ ಹಿಗ್ಗದಂತೆ ಮಾಡಲು. ಆದುದರಿಂದ ಕೂಲರ್ ಸೋಲುವ ಕರಾವಳಿಯಲ್ಲಿ ಎ.ಸಿ. ಗೆಲ್ಲುತ್ತದೆ.

'ಟನ್' ಎಂದರೆ ಯಂತ್ರದ ತೂಕವಲ್ಲ. ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಎತ್ತುವ ಶಕ್ತಿಗೆ ಒಂದು ಟನ್ ಎನ್ನುತ್ತಾರೆ, ಅಂದರೆ ಸುಮಾರು 3500 ವ್ಯಾಟ್. ಇದನ್ನು ಎತ್ತಲು ಯಂತ್ರ ಸಾವಿರ ವ್ಯಾಟ್‌ನಷ್ಟು ವಿದ್ಯುತ್ ತಿನ್ನುತ್ತದೆ. ಈಗ ಚಾವಣಿಯ ಲೆಕ್ಕಕ್ಕೆ ಮರಳಿ. 10–12 ಅಡಿಯ ಕೋಣೆಗೆ ಬರಿಯ ಸಿಮೆಂಟ್ ಚಾವಣಿಯಿಂದ ಮಧ್ಯಾಹ್ನ ಇಳಿಯುವ ಶಾಖ ಸಾವಿರ ವ್ಯಾಟ್‌ಗೂ ಹೆಚ್ಚು. ಒಂದು ಟನ್ ಯಂತ್ರದ ಮೂರನೆಯ ಒಂದು ಪಾಲು ಶಕ್ತಿ ಚಾವಣಿಯನ್ನು ತಣಿಸುವುದಕ್ಕೇ ಮುಗಿಯುತ್ತದೆ. ಸುಣ್ಣ ಬಳಿಯದೆ ಎ.ಸಿ. ಹಾಕುವುದು ಒಡ್ಡು ಕಟ್ಟದೆ ಗದ್ದೆಗೆ ನೀರು ಹಾಯಿಸಿದಂತೆ. ಹಂಚಿನ ಮನೆಗೆ ಒಳಚಾವಣಿ ಇಲ್ಲದೆ ಎ.ಸಿ. ಹಾಕುವುದಂತೂ ವ್ಯರ್ಥವೇ ಸರಿ. 2020ರ ಜನವರಿಯಿಂದ ನಕ್ಷತ್ರ ಗುರುತಿನ ಎ.ಸಿ.ಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿ ಬರಬೇಕೆಂದು ನಿಯಮವಾಯಿತು. ಅದನ್ನು 18ಕ್ಕೆ ಇಳಿಸಿದರೆ ಕೋಣೆ ಬೇಗ ತಂಪಾಗುತ್ತದೆಂಬುದು ತಪ್ಪು ತಿಳಿವಳಿಕೆ, ಕರೆಂಟು ಮಾತ್ರ ಹೆಚ್ಚು ಸುಡುತ್ತದೆ.

ಸ್ನಾನದ ನೀರಿನ ಬಿಸಿ

ನಮ್ಮಲ್ಲಿ ಮನೆ ಕಾಯಿಸುವ ಕೆಲಸಕ್ಕಿಂತ ನೀರು ಕಾಯಿಸುವ ಕೆಲಸವೇ ದೊಡ್ಡದು. ನಾಲ್ಕು ಜನರಿಗೆ ತಲಾ 20 ಲೀಟರಿನಂತೆ 80 ಲೀಟರ್ ನೀರನ್ನು 22ರಿಂದ 42 ಡಿಗ್ರಿಗೆ ಏರಿಸಲು 1600 ಕಿಲೋಕ್ಯಾಲೊರಿ ಬೇಕು. ವಿದ್ಯುತ್ತಿನಲ್ಲಿ ಇದು ಸುಮಾರು ಎರಡು ಯೂನಿಟ್. ಒಣಗಿದ ಒಂದು ಕಿಲೋ ಸೌದೆಯಲ್ಲಿ 3500 ಕಿಲೋಕ್ಯಾಲೊರಿಗೂ ಹೆಚ್ಚು ಶಾಖವಿದೆ, ಆದರೆ ತೆರೆದ ಒಲೆಯಲ್ಲಿ ಹಂಡೆಗೆ ತಲುಪುವುದು ಹತ್ತರಲ್ಲಿ ಒಂದು ಪಾಲು. ಹಾಗಾಗಿ ಅರ್ಧ ಕಿಲೋದಲ್ಲಿ ಆಗಬೇಕಾದ ಕೆಲಸಕ್ಕೆ ನಾಲ್ಕೂವರೆ ಕಿಲೋ ಸೌದೆ ಉರಿಯುತ್ತದೆ. ಉಳಿದುದು ಹೊಗೆಗೆ, ಗೋಡೆಗೆ, ಗಾಳಿಗೆ. ಸೌದೆ ಹಸಿಯಾದರೆ ಅದರ ನೀರನ್ನು ಆರಿಸುವುದಕ್ಕೇ ಬೆಂಕಿಯ ಬಲ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಮುಂದೆ ರೂಪಿಸಿದ ಅಸ್ತ್ರ ಒಲೆ ಈ ಸೋರಿಕೆಯನ್ನು ತಡೆಯಲೆಂದೇ ಹುಟ್ಟಿದ್ದು. ಬೆಂಕಿಯನ್ನು ಮುಚ್ಚಿ, ಗಾಳಿಯನ್ನು ಅಳತೆಯಲ್ಲಿ ಬಿಟ್ಟು, ಬಿಸಿ ಹೊಗೆ ಪಾತ್ರೆಗೆ ತಾಗಿಕೊಂಡೇ ಹೊಗೆಕೊಳವೆಗೆ ಹೋಗುವಂತೆ ಮಾಡುವುದು ಅದರ ಗುಟ್ಟು. ಬಚ್ಚಲ ಒಲೆಗೂ ಇದು ಅನ್ವಯಿಸುತ್ತದೆ.

ಬಿಸಿಲು ಧಾರಾಳವಾಗಿರುವ ನಮ್ಮ ನಾಡಿನಲ್ಲಿ ಸೌರ ಹಂಡೆ ಇನ್ನೂ ಒಳ್ಳೆಯದು. ಎರಡು ಚದರ ಮೀಟರ್ ಫಲಕ ದಿನಕ್ಕೆ 100 ಲೀಟರ್ ನೀರು ಕಾಯಿಸುತ್ತದೆ. ಫಲಕ ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿರಬೇಕು, ತೊಟ್ಟಿ ಫಲಕಕ್ಕಿಂತ ಮೇಲಿರಬೇಕು. ಕಾದ ನೀರು ಹಗುರಾಗಿ ತಾನೇ ಮೇಲೇರುವುದರಿಂದ ಪಂಪು ಬೇಕಿಲ್ಲ. ಗಡಸು ನೀರಿನ ಊರಿನಲ್ಲಿ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ, ಕೊಳ್ಳುವಾಗಲೇ ಇದನ್ನು ಹೇಳಿ ತಕ್ಕ ಬಗೆಯದನ್ನು ಆರಿಸಬೇಕು.

ಕೆಂಡದ ಬಟ್ಟಲು

ಕೊಡಗು, ಚಿಕ್ಕಮಗಳೂರು, ಮಲೆನಾಡಿನ ಕಡೆ ಮಳೆಗಾಲದ ಥಂಡಿಗೂ ಮಾಗಿಯ ಚಳಿಗೂ ಅಗ್ಗಿಷ್ಟಿಕೆಯ ಮುಂದೆ ಕೂರುವುದು ಹಳೆಯ ಸುಖ. ಹೊಗೆ ಹೋಗಲು ದಾರಿಯಿದ್ದ ಹಳೆಯ ಹಂಚಿನ ಮನೆಯಲ್ಲಿ ಅದರಿಂದ ಅಪಾಯ ಕಡಿಮೆ. ತೋಟದ ಲೈನುಗಳಲ್ಲಿ, ಹೊಸ ಸಿಮೆಂಟ್ ಕೋಣೆಗಳಲ್ಲಿ ಕಿಟಕಿ ಬಾಗಿಲು ಭದ್ರಪಡಿಸಿ, ಬಾಣಲೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗುವುದು ಮಾತ್ರ ಸಾವನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದಂತೆ.

ಹೊಗೆಯೇ ಇಲ್ಲದ ಕೆಂಡ ನಿರಪಾಯ ಎಂದು ಜನ ನಂಬುತ್ತಾರೆ. ಗಾಳಿ ಸಾಲದೆ ಉರಿಯುವ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ, ಕೆಮ್ಮಿಲ್ಲ. ರಕ್ತದ ಕೆಂಪು ಕಣಗಳಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ತೋರುತ್ತದೆ. ನಿದ್ದೆಯಲ್ಲಿದ್ದವರಿಗೆ ಏನೂ ತಿಳಿಯುವುದಿಲ್ಲ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇಟ್ಟು ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರೂ ಇದೇ ಅನಿಲಕ್ಕೆ ಬಲಿಯಾಗುತ್ತಾರೆ. ಗೀಸರ್ ಹೊರಗಿನ ಗೋಡೆಯ ಮೇಲಿರಬೇಕು, ಬಿಸಿನೀರಿನ ಕೊಳವೆ ಮಾತ್ರ ಒಳಗೆ ಬರಬೇಕು.

ಮಲಗುವ ಮೊದಲು ಕೋಣೆಯನ್ನು ಕಾಯಿಸಿ, ಕೆಂಡವನ್ನು ಹೊರಗಿಟ್ಟು ಮಲಗಿ. ಹಸುಗೂಸು, ಬಾಣಂತಿಯ ಕೋಣೆಯಲ್ಲಿ ಬಿಸಿ ಬೇಕೇ ಬೇಕಾದರೆ ಬಿಗಿಯಾಗಿ ಮುಚ್ಚಿದ ಬಿಸಿನೀರಿನ ರಬ್ಬರ್ ಚೀಲವನ್ನು ಬಟ್ಟೆಯಲ್ಲಿ ಸುತ್ತಿ, ಮೈಗೆ ತಾಗದಂತೆ ಹಾಸಿಗೆಯಲ್ಲಿಟ್ಟು ಬೆಚ್ಚಗಾದ ಮೇಲೆ ತೆಗೆಯಿರಿ. ಮುಚ್ಚಿದ ಕೋಣೆಯಲ್ಲಿ ಯಾರಾದರೂ ಪ್ರಜ್ಞೆತಪ್ಪಿ ಬಿದ್ದುದನ್ನು ಕಂಡರೆ ಉಸಿರು ಬಿಗಿಹಿಡಿದು ಒಳನುಗ್ಗಿ ಮೊದಲು ಬಾಗಿಲು ಕಿಟಕಿಗಳನ್ನು ತೆರೆಯಿರಿ, ಅವರನ್ನು ಬಯಲಿಗೆ ಎಳೆದು ತನ್ನಿ. ಕುಡಿಯಲು ಏನನ್ನೂ ಹಾಕಬೇಡಿ. 108ಕ್ಕೆ ಫೋನು ಮಾಡಿ, ಕೋಣೆಯಲ್ಲಿ ಕೆಂಡ ಅಥವಾ ಗ್ಯಾಸ್ ಗೀಸರ್ ಇತ್ತೆಂಬುದನ್ನು ತಪ್ಪದೆ ತಿಳಿಸಿ. ವೈದ್ಯರು ಆಮ್ಲಜನಕವನ್ನು ಆ ಕೂಡಲೇ ಕೊಡಬೇಕಾಗುತ್ತದೆ.